ಮೂವತ್ತೆಂಟನೇ ದಿನದ ಸೈಲೆನ್ಸರ್

ಇದು ಕಟ್ಟಿದ ಕತೆಯಲ್ಲ. ಗರಿಫಾಲಿಯಾ ನಮ್ಮ ಪಕ್ಕದ ಮನೆಯವಳು. ಲೆಸ್ವೋಸ್ ದ್ವೀಪದ ನಮ್ಮ ಊರಿನಲ್ಲಿ ದೆವ್ವಕ್ಕೆ ರಾತ್ರಿಯೇ ಆಗಬೇಕೆಂದಿಲ್ಲ. ಆಗಸ್ಟಿನ ಮಧ್ಯಾಹ್ನ ಮೂರು ಗಂಟೆ ಸಾಕು. ಆಗ ಬಾಗಿಲು ಕಿಟಕಿ ಮುಚ್ಚಿ ಊರೆಲ್ಲ ಮಲಗಿರುತ್ತದೆ. ಆ ಹೊತ್ತಿನಲ್ಲಿ ಸದ್ದು ಮಾಡುವವರು ಮರ್ಯಾದಸ್ಥರಲ್ಲ.

ಅವಳ ಗಂಡ ಇಗ್ನಾತಿಸ್ ತೀರಿಕೊಂಡು ಅಂದಿಗೆ ಮೂವತ್ತೆಂಟು ದಿನ. ಗೋರಿಯ ಎಣ್ಣೆದೀಪ ಹಚ್ಚಿ, ಕಪ್ಪು ಬಟ್ಟೆಯಲ್ಲಿ ಬೇಯುತ್ತ, ಒಬ್ಬಳೇ ಮನೆಗೆ ಬರುತ್ತಿದ್ದಳು. ಬಾವಿ ದಾಟಿದಳು. ಜೀರುಂಡೆಗಳು ಒಮ್ಮೆಲೇ ಸುಮ್ಮನಾದವು...

ಆಗ ಕೇಳಿಸಿತು. ಕಿರ್... ಕಿರ್... ಕಿರ್...

ಸ್ಪ್ಯಾನರ್ ತಿರುಗುವ ಸದ್ದು. ಅವಳದೇ ಶೆಡ್ಡಿನೊಳಗಿಂದ.

ಗರಿಫಾಲಿಯಾಗೆ ಹೆದರಿಕೆ ಆಗಲಿಲ್ಲ, ಮೈ ಉರಿಯಿತು. ಮೈದುನ ಸ್ತ್ರಾತಿಸನೇ ಇರಬೇಕು. ಮಣ್ಣು ಮಾಡಿದ ದಿನವೇ, ಕೈಯಲ್ಲಿನ ಕಾಫಿ ಮುಗಿಯುವ ಮೊದಲೇ ಅವನು ಅಂದಿದ್ದ: "ಅಣ್ಣನ ಬೈಕು ನಂಗೆ ಬರ್ಬೇಕು ಅತ್ತಿಗೆ. ಹೆಂಗಸರಿಗೆ ಅದ್ಯಾಕೆ?" ಯಾಕೆಂದರೆ ಅವಳ ಆಲಿವ್ ತೋಟ ಬೆಟ್ಟದ ಮೇಲೆ, ಏಳು ಕಿಲೋಮೀಟರ್ ದೂರ. ಬೈಕು ಹೋದರೆ ತೋಟವೂ ಹೋದ ಹಾಗೆ.

ಇಗ್ನಾತಿಸ್ ಸಾಯುವ ಮೊದಲು ತರಿಸಲು ಹೇಳಿದ್ದ ಹೊಸ ಸೈಲೆನ್ಸರ್ ಒಂಬತ್ತನೇ ದಿನ ಬಸ್ಸಿನಲ್ಲಿ ಬಂದಿತ್ತು. ಪೆಟ್ಟಿಗೆಯನ್ನು ಅವಳು ಬಿಚ್ಚದೆ ಶೆಡ್ಡಿನಲ್ಲಿ ಇಟ್ಟಿದ್ದಳು. ಈಗ ಇವನು ಅದನ್ನು ಹಾಕಿಕೊಂಡು ಗಾಡಿ ಹೊಡೆದುಕೊಂಡು ಹೋಗಲು ನೋಡುತ್ತಿದ್ದಾನೆ.

ಎಷ್ಟೇ ಸಿಟ್ಟಿರಲಿ, ಮೂರು ಗಂಟೆಗೆ ಪಿಸುದನಿಯಲ್ಲೇ ಬೈಯಬೇಕು. ಮುಚ್ಚಿದ ಬಾಗಿಲಿಗೆ ಬಾಯಿ ಹಚ್ಚಿದಳು.

"ನಾಚಿಕೆ ಇಲ್ವೇನೋ? ನಲವತ್ತು ದಿನ ತುಂಬೋವರೆಗೂ ತಡ್ಕೊಳ್ಳಕ್ಕೆ ಆಗ್ಲಿಲ್ವಾ?"

ದೊಪ್... ದೊಪ್... ರಬ್ಬರ್ ಸುತ್ತಿಗೆಯ ಏಟು. ಕೊಳವೆಗೆ ಸೈಲೆನ್ಸರ್ ಕೂರಿಸುತ್ತಿದ್ದಾನೆ.

"ನಿಮ್ಮಣ್ಣನೂ ನಿನ್ನ ಥರಾನೇ. ಕಾವು ತಡೆಯೋ ತಗಡು ಉದುರಿ ಹೋಗಿದೆ, ಹಿಂದೆ ಕೂತ್ರೆ ನನ್ನ ಕಾಲು ಸುಡತ್ತೆ ಅಂತ ಮೂರು ವರ್ಷ ಬೇಡ್ಕೊಂಡೆ. ನಾಳೆ ಮಾಡ್ತೀನಿ, ನಾಳೆ ಮಾಡ್ತೀನಿ ಅಂತಾನೇ ಸತ್ತ. ಸೋಮಾರಿ."

ಸದ್ದು ನಿಂತಿತು.

ಗರಿಫಾಲಿಯಾ ನಾಲಿಗೆ ಕಚ್ಚಿಕೊಂಡಳು. ಸತ್ತವರು ನಲವತ್ತು ದಿನ ಮನೆ ಬಿಟ್ಟು ಹೋಗುವುದಿಲ್ಲ. ಅಷ್ಟರವರೆಗೆ ಅವರನ್ನು ಬೈಯಬಾರದು. ನಮ್ಮಲ್ಲಿ ಮಕ್ಕಳಿಗೂ ಗೊತ್ತು.

"ಗೊತ್ತು..." ಒಳಗಿಂದ ಪಿಸುಮಾತು.

"ಏನೋ ಗೊತ್ತು ನಿಂಗೆ? ಬಾಗಿಲು ತೆಗಿ."

"ಈಗ್ಲೇ ಬರ್ಬೇಡ ಕಣೇ... ಬಿಸಿ ಇದೆ."

ಕಣೇ.

ಅಣ್ಣತಮ್ಮಂದಿರ ದನಿ ಒಂದೇ ಥರ, ನಿಜ. ಆದರೆ ಅತ್ತಿಗೆಗೆ 'ಕಣೇ' ಅನ್ನುವಷ್ಟು ಸೊಕ್ಕು ಸ್ತ್ರಾತಿಸನಿಗೂ ಇರಲಿಲ್ಲ.

ಬಾಗಿಲು ತಳ್ಳಿದಳು. ಒಳಗೆ ಯಾರೂ ಇಲ್ಲ. ಆ ಶೆಡ್ಡಿಗೆ ಕಿಟಕಿಯಿಲ್ಲ, ಬಿಸಿಲು ಬೀಳುವುದಿಲ್ಲ. ಹೊಸ ಸೈಲೆನ್ಸರ್ ತಗಡಿನ ಸಮೇತ ಕೂತಿತ್ತು, ಕ್ಲಾಂಪು ಬಿಗಿಯಾಗಿತ್ತು. ಲೋಹ ಆರುವ ಸದ್ದು... ಟಿಣ್... ಟಿಣ್... ದೂರದ ದಾರಿ ಓಡಿಸಿ ಆಗಷ್ಟೇ ನಿಲ್ಲಿಸಿದ ಗಾಡಿಯಂತೆ.

"ಬದುಕಿದ್ದಾಗ ಮಾಡೋಕೆ ಏನಾಗಿತ್ತು ನಿಂಗೆ?" ಅಂದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಅರ್ಧ ಗಂಟೆಗೆ ನಿಜವಾದ ಸ್ತ್ರಾತಿಸ್ ಬಂದ. ಕೆನ್ನೆಯ ಮೇಲೆ ದಿಂಬಿನ ಗೆರೆ, ಹೆಗಲ ಮೇಲೆ ಹಗ್ಗ. ಗೇಟಿನ ಹೊರಗೆ ಅವನ ಪಿಕಪ್ ನಿಂತಿತ್ತು.

"ಗಾಡಿ ತಗೊಂಡು ಹೋಗ್ತೀನಿ ಅತ್ತಿಗೆ. ಓಹೋ, ಹೊಸದು ಹಾಕ್ಸಿಬಿಟ್ರಾ? ನಂಗೆ ಖರ್ಚು ಉಳೀತು ಬಿಡಿ."

"ಮುಟ್ಬೇಡ. ಬಿಸಿ ಇದೆ."

"ತಿಂಗಳಿಂದ ನಿಂತಿರೋ ಗಾಡಿ ಬಿಸಿ ಇರತ್ತಾ? ಗಂಡ ಹೋದ್ಮೇಲೆ ತಲೇನೂ ಹೋಯ್ತಾ ಅತ್ತಿಗೆ?"

ನಗುತ್ತ, ಬಲಗೈ ಚಾಚಿ ಸೈಲೆನ್ಸರನ್ನು ಹಿಡಿದ.

ಚುಯ್ಯ್...

ಅವನ ಕೂಗಿಗೆ ಇಡೀ ಬೀದಿಯ ಕಿಟಕಿಗಳು ತೆರೆದವು. ನಮ್ಮದೂ. ಹಗ್ಗವನ್ನು ಅಲ್ಲೇ ಬಿಟ್ಟು ಓಡಿದ. ಬೈಕಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ನಲವತ್ತನೇ ದಿನ ಇಗರ್ಜಿಯಲ್ಲಿ ಸತ್ತವರ ಹೆಸರಿನ ಬೇಯಿಸಿದ ಗೋಧಿ ಹಂಚಿದವಳು ನಾನೇ. ಸ್ತ್ರಾತಿಸ್ ಎಡಗೈ ಒಡ್ಡಿದ. ಬಲಗೈ ಮೊಣಕೈವರೆಗೆ ಬ್ಯಾಂಡೇಜು. ನಂಬದವರು ಅವನನ್ನೇ ಕೇಳಿ, ಬದುಕಿದ್ದಾನೆ.

ಅವಳೇ ಗಾಡಿ ಓಡಿಸಿ ಬಿಸಿ ಮಾಡಿಟ್ಟಿದ್ದಳು ಎಂದು ಊರಿನಲ್ಲಿ ಕೆಲವರು ಆಡಿಕೊಂಡರು. ಅವರಿಗೆ ಒಂದೇ ಮಾತು ಹೇಳುತ್ತೇನೆ. ಮೈದುನ ಕದ್ದು ಓಡಿಸಬಾರದೆಂದು ಗರಿಫಾಲಿಯಾ ಮಣ್ಣು ಮಾಡಿದ ದಿನ ಸಂಜೆಯೇ ಎಂಜಿನ್ ಹತ್ತಿಸುವ ಪ್ಲಗ್ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದಳು. ಅದು ನಲವತ್ತು ದಿನವೂ ನಮ್ಮ ಮನೆಯಲ್ಲಿ, ಸಕ್ಕರೆ ಡಬ್ಬಿಯೊಳಗೆ ಇತ್ತು.