ಎಲುಬಿಗೆ ಸಾಕು ಅಂದವರು ಯಾರು

ಅಳ್ಳಾಡಬ್ಯಾಡ ಅಂದ್ನೆಲ್ಲ, ದ್ರಾಕ್ಷಾಯಣಿ! ನಿನ್ನ ಕೂದಲೆಲ್ಲ ನನ್ನ ಮುಷ್ಟಿಯೊಳಗ ಅದಾವು. ಜಗ್ಗಿದ್ರ ನೋವು ನಿನಗ, ನನಗಲ್ಲ... ಹಾಂ, ಹಂಗ. ನೀ ಕೆಳಗ ಚಾಪಿ ಮ್ಯಾಲೆ ಆರಾಮ ಕಾಲು ಚಾಚು, ನಾ ಹೊರಸಿನ ಮ್ಯಾಲೆ ಇರ್ತೇನಿ. ನಿಮ್ಮವ್ವಾರು ಸಂತಿಗೆ ಹೋಗೂ ಮುಂದ ಏನಂದ್ರು? "ಜ್ಯೋತಿ, ಮಗಳು ಚೊಚ್ಚಲ ಹೆರಿಗಿಗೆ ತವರಿಗೆ ಬಂದಾಳ, ತಲಿಗೆ ಔಡಲೆಣ್ಣಿ ತಟ್ಟು, ಕಾಲು ಒತ್ತು." ತಟ್ಟಾಕತ್ತೇನಿ, ತಗೋ. ಅಣ್ಣನ ಹೆಣ್ತಿ ಅಂದ್ರ ಮತ್ತೇನು, ಎಣ್ಣಿ ಬಟ್ಟಲದ ಜೋಡಿ ಪುಕ್ಕಟೆ ಬಂದ ಎರಡು ಕೈ.

ಯಾಕ ನಗ್ತಿ? ನಗು, ನಗು. ಇವತ್ತೊಂದಿನ ನಗು.

ಎಲ್ಲಿಗೆ ಬಂದಿದ್ದೆ? ಹಾಂ, ಧಾರವಾಡದ ಆ ಹೆಣ್ಣು ಡಾಕ್ಟರು, ಡಾಕ್ಟರ ಬಾಯಿ. ನೀನ ಕೇಳಿದಿ, "ವೈನಿ, ನಿಮ್ಮ ವೀರೇಶ ಯಾಕ ಬೆಳೀವಲ್ಲ, ಅವರೇನಂದ್ರು" ಅಂತ. ವರ್ಷಾತು ನಾವು ಹೋಗಿ ಬಂದು. ಈ ಮನ್ಯಾಗ ಒಬ್ಬರೂ ಬಾಯಿಬಿಟ್ಟು ಕೇಳಿದ್ದಿಲ್ಲ. ನೀ ಕೇಳಿದಿ. ದೂರದಾಕಿ ಅಲ್ಲ, ಅವನ ಸೋದರತ್ತಿ ನೀನು... ಆದ್ರೂ ನಿನ್ನ ಹೊಟ್ಟಿ ಮುಂದ ಬಂದ ಮ್ಯಾಲೆ ಕೇಳಿದಿ. ಇರಲಿ. ಹೇಳ್ತೇನಿ. ಎಲ್ಲಾ ಬಿಡಿಸಿ ಹೇಳ್ತೇನಿ.

ನಿಮ್ಮಣ್ಣ? ಅವರೆಲ್ಲಿ ಒಳಗ ಬಂದ್ರು! ಚಾ ಕುಡದು ಬರ್ತೇನಿ ಅಂತ ಹೋದವರು ನಾ ಹೊರಗ ಬರೂತನಕ ಆ ಚಾದ ಅಂಗಡ್ಯಾಗ ನಿಂತಿದ್ರು. ಕೇಳಿದಾಕಿ ನಾ ಒಬ್ಬಾಕಿನ. ಮನಿಗೆ ಬಂದು, "ಒಂದು ಪ್ರೋಟೀನಿನ ದೆಸಿಂದ ಹಿಂಗಾಗೇತಂತ" ಅಂದೆ ನೋಡು, ಅಷ್ಟ ಸಾಕಾತು ನಿಮ್ಮವ್ವಾರಿಗೆ! ಮರುದಿನದಿಂದ ಮುಂಜಾನೆ ಮಡಕಿಕಾಳು, ಮಧ್ಯಾಹ್ನ ತೊಗರಿಬ್ಯಾಳಿ, ಸಂಜೀಗೆ ಶೇಂಗಾ ಉಂಡಿ. ಹುಡುಗ ವಾಯು ತುಂಬಿ ಡೊಳ್ಳು ಹೊಟ್ಟಿ ಹೊತ್ಗೊಂಡು ಅಡ್ಡಾಡಿದ. ಎತ್ತರಂತೂ ಬೆಳೀಲಿಲ್ಲ.

ತಿನ್ನೂ ಪ್ರೋಟೀನ್ ಅಲ್ಲವಾ ಅದು! ಕೇಳಿಲ್ಲೆ. ನಾ ಹತ್ತನೇತ್ತಾ ತನಕ ಓದಿದಾಕಿ. ಜೀವಕೋಶದ ಚಿತ್ರಾ ತಗದೇನಿ, ಬಣ್ಣಾ ತುಂಬೇನಿ, ಅಲ್ಲಿಗೆ ನನ್ನ ಸಾಲಿ ಮುಗೀತು. ಆದ್ರ ಆ ಕೋಶಗೋಳು ತಮ್ಮತಮ್ಮೊಳಗ ಮಾತಾಡ್ತಾವ ಅಂತ ಯಾವ ಮಾಸ್ತರೂ ಹೇಳಿದ್ದಿಲ್ಲ. ಡಾಕ್ಟರ ಬಾಯಿ ಹೇಳಿದ್ರು. ಕೋಶಕ್ಕ ಕಣ್ಣಿಲ್ಲ, ಕಿವಿ ಇಲ್ಲ. ಹೊರಗೇನು ನಡದೈತಿ ಅಂತ ಅದಕ್ಕ ಹೆಂಗ ತಿಳೀಬೇಕು? ಅದರ ಗ್ವಾಡ್ಯಾಗ ಪ್ರೋಟೀನು ನಟ್ಟಿರ್ತಾವಂತ, ಅರ್ಧ ಹೊರಗ, ಅರ್ಧ ಒಳಗ. ಬಾಗಲದ ಬೆಲ್ ಇದ್ದಂಗ ಅನ್ನು. ಬಟನ್ ಹೊರಗ, ಸಪ್ಪಳ ಒಳಗ. ಹೊರಗಿಂದ ಸುದ್ದಿ ಬಂದು ಬಟನ್ ಒತ್ತಿದ್ರ ಒಳಗಿನ ತುದಿ ಎಚ್ಚರಾಗ್ತೈತಿ. ಅದು ಬಾಜೂಕಿನ ಪ್ರೋಟೀನಿಗೆ ತಿವೀತೈತಿ, ಅದು ಮುಂದಿನದಕ್ಕ, ಅದು ಅದರ ಮುಂದಿನದಕ್ಕ... ಕಾರಖಾನಿ ಗೇಟಿನ ವಾಚಮನ್ ಸುಪರವೈಜರಗ ಹೇಳಿದಂಗ, ಸುಪರವೈಜರ ಮಶೀನಿನವಗ ಹೇಳಿದಂಗ. ಕಡೀಕ ಕೋಶದ ನಟ್ಟನಡುವ ಸುದ್ದಿ ಮುಟ್ಟತೈತಿ. ಬೆಳಿ. ಇಲ್ಲಾ, ಸಾಕು, ನಿಲ್ಲು.

ಎಲುಬಿನ ತುದ್ಯಾಗಿನ ಕೋಶಕ್ಕ ಇಂಥಾದೊಂದು ಬೆಲ್ ಐತಿ. ಅದರ ಕೆಲಸ "ಸಾಕು" ಅನ್ನೂದು. ನಿನಗೂ ಐತಿ, ನನಗೂ ಐತಿ. ಇಲ್ಲಂದ್ರ ಮನಶ್ಯಾರೆಲ್ಲ ತೆಂಗಿನ ಗಿಡ ಆಗ್ತಿದ್ರು. ಒತ್ತಿದ್ರ ಬಾರಸಬೇಕು, ಬಿಟ್ರ ಸುಮ್ಮನಾಗಬೇಕು. ನನ್ನ ವೀರೇಶನ ಬಟನ್ ಒಳಗ ಸಿಕ್ಕೊಂಡೈತಿ. ಯಾರೂ ಒತ್ತಿಲ್ಲ, ಆದ್ರೂ ಹಗಲೂ ರಾತ್ರಿ ಬಾರಸಾಕತ್ತೈತಿ... ಸಾಕು, ಸಾಕು, ಸಾಕು. ಎಲುಬು ಪಾಪ, ಖರೇನ ಹೇಳಾಕತ್ತಾರಂತ ತಿಳದು ನಿಂತೈತಿ. ಆ ಪ್ರೋಟೀನು ಹೆಂಗ ಕಟ್ಟಬೇಕಂತ ಮೈಯಾಗ ಬರದಿರ್ತೈತಲ್ಲ, ಅದರಾಗ ಒಂದ ಒಂದು ಅಕ್ಷರ ತಪ್ಪಿದ್ದಕ್ಕ!

ಇನ್ನೊಂದು ಮಜಾ ಕೇಳು. ಇದ ಪ್ರೋಟೀನು ದೊಡ್ಡವರ ಮೂತ್ರಚೀಲದಾಗ ಹಿಂಗ ಸಿಕ್ಕೊಂಡ್ರ, ಅಲ್ಲಿ "ಸಾಕು" ಅನ್ನೂದಿಲ್ಲಂತ. "ಬೆಳಿ, ಬೆಳಿ" ಅಂತೈತಂತ. ಅಲ್ಲಿ ಗಂಟು ಬೆಳೀತೈತಿ, ಕ್ಯಾನ್ಸರ ಆಗ್ತೈತಿ. ಬಾಯಿ ಒಂದ, ಕುಂತ ಜಾಗಾ ಬ್ಯಾರೆ, ಮಾತು ಬ್ಯಾರೆ. ಡಾಕ್ಟರ ಬಾಯಿ ಇದನ್ನ ಹೇಳಿದಾಗ ನನಗ ನಿಮ್ಮವ್ವಾರ ನೆನಪಾದ್ರು. ಅದ ಬಾಯಿಲೆ ಮಗಳಿಗೆ "ಇನ್ನೊಂದು ಹೋಳಿಗಿ ಹಾಕ್ಕೋ", ಸೊಸಿಗೆ "ಸಾಕು, ಏಳು".

ಹೇ, ಸಿಟ್ಟಿಗೇಳಬ್ಯಾಡ. ಎಣ್ಣಿ ಚೆಲ್ಲತೈತಿ.

ಏನಂದಿ? ದಾಟಿದ್ದು? ನೋಡ್ದೇನು, ಅದನ್ನಿನ್ನೂ ಬಿಟ್ಟಿಲ್ಲ ನೀವು! ಹೌದು, ದಾಟಿದ್ದೆ. ಆವಾಗ ನಾವೆಲ್ಲಾ ಇದ್ದ ಅಂಬೇವಾಡಿ ಒಂದ ಕೋಣಿ ಮನ್ಯಾಗ ನೆಲದ ಮ್ಯಾಲೆ ಕೂಸು, ನನ್ನ ಸೊಂಟದ ಮ್ಯಾಲೆ ತುಂಬಿದ ಕೊಡ. ಸುತ್ತು ಹಾಕಾಕ ಜಾಗಾ ಎಲ್ಲೈತಿ? ಮಲಗಿದ ಕೂಸನ್ನ ದಾಟಿದ್ರ ಬೆಳವಣಿಗಿ ನಿಲ್ತೈತಿ ಅಂದ್ರಿ. ದಾಟಿದವರ ವಾಪಸ್ ದಾಟಿದ್ರ ಬೆಳೀತೈತಿ ಅಂದ್ರಿ. ದಾಟಿಸಿದ್ರಿ. ಪ್ರತಿ ಅಮವಾಸಿಗೆ, ಮಿಂದು, ಹಸಿ ಸೀರ್ಯಾಗ. ಕೂಸು ಎಚ್ಚರಾಗಿ, ಅವ್ವ ಆಡಸಾಕ ಬಂದಾಳಂತ ತಿಳದು ಕೇಕಿ ಹಾಕಿ ನಗ್ತಿತ್ತು. ಓಣಿ ಹೆಂಗಸರು ಬಾಗಲದಾಗ ನಿಂತು ನೋಡೂರು. ಎಲ್ಲಾರಕಿಂತ ಮುಂದ ನೀ ನಿಂತಿದ್ದಿ.

ಸಣ್ಣಾಕಿದ್ದೆ ಅಂತಿ? ಆತು, ಸಣ್ಣಾಕಿ. ನಿನ್ನ ಗಂಡನೂರು ಸಾಂಬ್ರಾಣ್ಯಾಗ ನಿನ್ನ ಬಸರಿ ಕುಬಸ ಆತಲ್ಲ, ಆವಾಗೂ ಸಣ್ಣಾಕಿ ಇದ್ದೇನು?

ಯಾಕ ಆ ಕಡೆ ಮಾರಿ ತಿರಗಸ್ತಿ? ನಾ ಮರತೇನಂತ ತಿಳದಿದ್ದೇನು? ಹಸರ ಸೀರಿ, ಮುಂಗೈ ತುಂಬ ಹಸರ ಬಳಿ, ಮಾಲಿ ಹಾಕ್ಕೊಂಡು ಮಣಿ ಮ್ಯಾಲೆ ಕುಂತಿದ್ದಿ. ಬಸರಿ ಉಡಿಯಾಗ ಒಂದು ಗಂಡು ಕೂಸನ್ನ ಕುಂದ್ರಸೂದು ನಿಮ್ಮ ಅತ್ತಿಮನಿ ಪದ್ಧತಿ. ಅದನ್ನ ಕೇಳಿ ನನ್ನ ಹುಡುಗ ಹೊಸಾ ಅಂಗಿ ಹಾಕ್ಕೊಂಡು, ಆ ಸಣ್ಣ ಕಾಲಿಲೆ ಪುಟುಪುಟು ಓಡಿ ಬಂದು "ಅತ್ತಿ, ನಾ ಕುಂದ್ರತೇನಿ" ಅಂತ ನಿನ್ನ ಉಡಿಯಾಗ ಹತ್ತಿತು. ನೀ ಏನಂದಿ? "ಇದನ್ನ ತಗೀರಿ! ನನ್ನ ಹೊಟ್ಟ್ಯಾಗಿನ ಕೂಸಿಗೆ ಇದರ ನೆರಳು ಬೀಳ್ತೈತಿ!" ಇದನ್ನ. ವೀರೇಶನ್ನ ಅಲ್ಲ, ಅವನ್ನ ಅಲ್ಲ... ಇದನ್ನ.

ಮೇವಿನ ಕೋಣ್ಯಾಗ ಹಾಕಿ ಚಿಲಕಾ ಹಾಕಿದ್ರಿ. ಬಾಜೂಮನಿ ಮಲ್ಲೇಶನ ಮಗನ್ನ ತಂದು ನಿನ್ನ ಉಡಿಯಾಗ ಕುಂದ್ರಿಸಿದ್ರಿ, ಉದ್ದಾನ ಕಾಲಿನವನ್ನ. ನನ್ನ ಹುಡುಗ ಒಳಗಿಂದ ಕದಾ ಬಡೀತಿತ್ತು. ನೀವು ಸೋಬಾನ ಹಾಡಿದ್ರಿ. ಕದದ ಸಪ್ಪಳ ಕೇಳಬಾರದಂತ ಜೋರಾಗಿ ಹಾಡಿದ್ರಿ. ನಾ ಚಿಲಕಾ ತಗ್ಯಾಕ ಹೋದ್ರ ನಿಮ್ಮವ್ವಾರು ನನ್ನ ರಟ್ಟಿ ಹಿಡಕೊಂಡು ಅಂದ್ರು, "ಇನ್ನ ನಿನ್ನ ಹೊಟ್ಟಿಲೆ ಒಂದೂ ಬ್ಯಾಡ. ಮತ್ತ ಬಸರಾದಿ ಅಂದ್ರ ನಾನ ದವಾಖಾನಿಗೆ ಕರಕೊಂಡ ಹೋಗಿ ತಗಸತೇನಿ."

ನೀ ಕೇಳಿಸ್ಕೊಂಡಿ. ಬಳಿ ತಿರಗಸಕೋತ ಕುಂತಿ.

ಇರಲಿ ಬಿಡು. ಡಾಕ್ಟರ ಬಾಯಿ ಅಂದದ್ದು ಹೇಳತೇನಂದ್ನೆಲ್ಲ, ಕೇಳು. "ಈ ತಪ್ಪು ತಂದಿ ಕಡಿಂದ ಬಂದದ್ದು" ಅಂದ್ರು. ತಂದಿ ಕಡಿಂದ! ನನ್ನ ಕಡಿಂದ ಅಲ್ಲ, ನನ್ನ ಕಾಲಿಂದ ಅಲ್ಲ. ನಿಮ್ಮಣ್ಣನ ಬೀಜದಿಂದ. ಅವರ ಅಪ್ಪ, ನಿಮ್ಮಪ್ಪ, ಒಬ್ಬರ ಹೌದಲ್ಲ? ರಕ್ತ ಒಂದ ಹೌದಲ್ಲ?

ನೀ ಉದ್ದ ಬೆಳದಿ ಅಂತಿ? ಹೆಣ್ಣಮಕ್ಕಳ ಮೈಯಾಗ ಅದು ಅಡಗಿ ಕುಂತಿರ್ತೈತವಾ. ಹೊಟ್ಟ್ಯಾಗಿನ ಕೂಸಿನ್ಯಾಗ ಏಳತೈತಿ.

ಐದನೇ ತಿಂಗಳ ಸ್ಕ್ಯಾನಿನ್ಯಾಗ ಎಲ್ಲಾ ಛಲೋ ಐತಿ ಅಂದ್ರೇನು? ನಂದೂ ಛಲೋ ಐತಿ ಅಂದಿದ್ರು! ಎಲುಬು ಗಿಡ್ಡ ಆಗೂದು ಕಡೀಕಡೀ ತಿಂಗಳಿನ್ಯಾಗ ಕಾಣತೈತಿ. ನಿನಗೀಗ ಎಂಟನೇದು ಅಲ್ಲ? ನೋಡು, ಒಳಗ ಒದೀತೈತಲ್ಲ ಕಾಲು, ಎಷ್ಟು ಉದ್ದ ಐತೋ ಯಾರಿಗೆ ಗೊತ್ತು. ಬಟನ್ ಸಿಕ್ಕೊಂಡೈತೋ ಏನೋ. ಸಾಕು ಅಂತೈತೋ ಏನೋ.

ಯಾಕ, ನಗೂದು ನಿಂತಿತಲ್ಲ?

ಹುಟ್ಟಿದ ಮ್ಯಾಲೆ ಸಾಂಬ್ರಾಣ್ಯಾಗ ನಿಮ್ಮ ಅತ್ತಿ ಏನಂತಾರ? ನಿನ್ನ ನಾದಿನಿ ಕುಬಸದಾಗ ನಿನ್ನ ಕೂಸನ್ನ ಎಲ್ಲಿ ಹಾಕ್ತಾರ? ಮೇವಿನ ಕೋಣಿ ಇನ್ನೂ ಐತೆಲ್ಲ? ಮಾತಾಡು! ಅವತ್ತ ಅಷ್ಟು ದನಿ ಇತ್ತು. ಇವತ್ತೇನು, ನಾಲಿಗಿ ಮ್ಯಾಗೂ ಯಾರರೆ ಬಟನ್ ಒತ್ತಿದ್ರೇನು...

ತಡಿ. ತಡಿ, ಬಂದೆ. ಈ ಎಣ್ಣಿ ವಾಸನಿ... ಬಚ್ಚಲಕ್ಕ ಹೋಗಿ ಬಂದೆ...

ಏನಿಲ್ಲ. ಪಿತ್ತ. ಮುಂಜಾನಿಂದ ಏನೂ ತಿಂದಿಲ್ಲ, ಅದಕ್ಕ ವಾಂತಿ ಆತು. ತಿರಗು ಆ ಕಡೆ, ಹೆಳಲು ಹಾಕ್ತೇನಿ. ತಿರಗವಾ.

ಯಾಕ ಹಂಗ ನೋಡ್ತಿ?

ನನ್ನ ಮಾರಿ ನೋಡು, ಮಾರಿ. ಹೊಟ್ಟಿ ಯಾಕ ನೋಡ್ತಿ? ಪಿತ್ತ ಅಂದ್ನೆಲ್ಲ... ನಿನ್ನೆ ಮೊನ್ನೆ ಸೈತ ಪಿತ್ತನ. ಔಡಲೆಣ್ಣಿ ಎಲ್ಲಾರಿಗೂ ಆಗಿಬರಾಂಗಿಲ್ಲ. ದ್ರಾಕ್ಷಾಯಣಿ, ಏನರೆ ಅನ್ನು. ಬೈಯಿ. ಹಂಗ ಕಣ್ಣು ತಗದು ಕುಂದ್ರಬ್ಯಾಡ...

ಹೌದು. ಮೂರನೇ ತಿಂಗಳು ನಡದೈತಿ. ನಿಮ್ಮಣ್ಣಗೂ ಹೇಳಿಲ್ಲ. ಅವರಿಗೆ ಹೇಳಿದ್ರ ಅವ್ವಗ ಹೇಳಿದಂಗ.

ನೀ ಏನ್ ಕೇಳಾಕತ್ತಿ ಅಂತ ನನಗ ತಿಳೀತೈತಿ. ಬಾಯಿಲೆ ಕೇಳವಲ್ಲಿ, ಕಣ್ಣಿಲೆ ಕೇಳಾಕತ್ತಿ. ನಿಮ್ಮಣ್ಣನ ರಕ್ತ ಕೆಟ್ಟಿದ್ರ ನಾ ಇದನ್ನ ಯಾಕ ಇಟ್ಕೊಂಡೇನಿ, ಹೌದಲ್ಲ? ಮುಚ್ಚಿಟ್ಟು ಯಾಕ ಕಾಯಾಕತ್ತೇನಿ?

...ರಕ್ತದಾಗ ಇಲ್ಲ. ಕೇಳಿಸ್ತೇನು? ನಿಮ್ಮಪ್ಪನ ಕಡಿಂದ ಬಂದದ್ದಲ್ಲ, ನಿಮ್ಮಜ್ಜನ ಕಡಿಂದ ಬಂದದ್ದಲ್ಲ. ಅಡಗಿ ಕುಂದ್ರೂ ರೋಗಾನೂ ಅಲ್ಲ. ಇದ್ರ ಮೈಮ್ಯಾಲೆ ಕಾಣತೈತಿ, ಕಾಣಲಿಲ್ಲಂದ್ರ ಇಲ್ಲ. ಡಾಕ್ಟರ ಬಾಯಿ ತಂದಿ ಕಡಿಂದ ಅಂದದ್ದು ಖರೇ. ಗಂಡಸರಿಗೆ ವಯಸ್ಸಾದಂಗ ಬೀಜದಾಗ ಇಂಥಾ ಹೊಸಾ ತಪ್ಪು ಹೆಚ್ಚಾಗ್ತಾವಂತ. ನನ್ನ ಕೊಟ್ಟಾಗ ನಿಮ್ಮಣ್ಣನ ಮೀಸಿ ನರತಿತ್ತಲ್ಲ. ಆದ್ರ ಆ ತಪ್ಪು ಆ ಒಂದ ಬೀಜದಾಗ ಹೊಸದಾಗಿ ಹುಟ್ಟಿದ್ದು. ಹಿಂದ ಇರಲಿಲ್ಲ. ಮುಂದ ಬರೂದು ನೂರಕ್ಕ ಒಂದೂ ಇಲ್ಲ ಅಂದ್ರು. ನಿನಗಂತೂ ಓಣಿ ಹೆಂಗಸರಿಗೆ ಎಷ್ಟು ಅಂಜಿಕಿ ಐತೋ ಅಷ್ಟ. "ಯಾರ ತಪ್ಪೂ ಅಲ್ಲಮ್ಮ" ಅಂದ್ರು ಡಾಕ್ಟರ ಬಾಯಿ, ನನ್ನ ಭುಜಾ ಮುಟ್ಟಿ.

ಆ ಮಾತನ್ನ ಈ ಮನಿಗೆ ತರಲಿಲ್ಲ ನಾನು. ಧಾರವಾಡದ ಬಸ್ ಸ್ಟ್ಯಾಂಡಿನ್ಯಾಗ ನುಂಗಿಬಿಟ್ಟೆ. ಯಾರ ತಪ್ಪೂ ಅಲ್ಲಂದ್ರ ನಾ ಯಾರನ್ನ ಬೈಲಿ? ಹಸಿ ಸೀರ್ಯಾಗ ನಿಂತದ್ದಕ್ಕ ಯಾರ ಜೀವಾ ತಿನ್ಲಿ?

ನೂರಕ್ಕ ಒಂದೂ ಇಲ್ಲ. ಆದ್ರೂ ಹೊಳ್ಳಿ ಹೊಳ್ಳಿ ಹೊಟ್ಟಿ ಮುಟ್ಟಿ ನೋಡ್ಕೋತೇನಿ. ಇನ್ನೂ ಒದ್ಯಾಕ ಸುರು ಮಾಡಿಲ್ಲ, ಆಗಲೇ ಅಳತಿ ಹಿಡ್ಯಾಕತ್ತೇನಿ. ನಿನಗ ಹೇಳಿದೆನಲ್ಲ, ಬಟನ್ ಸಿಕ್ಕೊಂಡೈತೋ ಏನೋ ಅಂತ... ಅವು ನಿನಗಂತ ಕಟ್ಟಿದ ಮಾತಲ್ಲ. ದಿನಾ ನನಗ ನಾ ಅನ್ನೂವು.

ಗೇಟಿನ ಸಪ್ಪಳಾತು. ಬಂದ್ರು ನೋಡು ನಿಮ್ಮವ್ವಾರು.

ಈಗ ನಿನ್ನ ಪಾಳಿ. ಹೇಳಿಬಿಡು. "ಯವ್ವಾ, ವೈನಿ ಮತ್ತ ಬಸರದಾಳ" ಅನ್ನು. ಅಷ್ಟ ಸಾಕು. ಇವತ್ತ ಸಂಜೀಗೆ ನನ್ನ ದವಾಖಾನಿಗೆ ಎಳಕೊಂಡ ಹೋಗ್ತಾರ. ನಾ ನಿನ್ನ ಇಷ್ಟೊತ್ತು ಸುಟ್ಟೆನಲ್ಲ, ತೀರಿಸ್ಕೋ. ನಿನ್ನ ಜಾಗಾದಾಗ ನಾ ಇದ್ರ ಬಿಡ್ತಿದ್ದಿಲ್ಲ.

ಬಂದೆ ರೀ ಅತ್ತಿ! ಚೀಲಾ ಅಲ್ಲೇ ಇಡ್ರಿ, ನಾ ಒಯ್ತೇನಿ!... ಇಲ್ರೀ, ಆಕೀಗೇನೂ ಅಂದಿಲ್ಲ ನಾನು. ಯಾಕ ಅತ್ತಾಳ ಅಂದ್ರ... ಆಕೀನ್ನ ಕೇಳ್ರಿ. ನಿಮ್ಮ ಮಗಳಲ್ರೀ, ಕೇಳ್ರಿ.

ಕೇಳಾಕತ್ತಾರ, ಹೇಳು.

...ದ್ರಾಕ್ಷಾಯಣಿ?

...ಹೌದ್ರಿ ಅತ್ತಿ. ಆಕಿ ಹೇಳಿದಂಗ, ಎಣ್ಣೀನ. ಕಣ್ಣಾಗ ಹೋತು. ಆಕಿ ತಲಿ ಅಲ್ಲಾಡಿಸಿದಳಲ್ಲ, ಅದ.

ಒಳಗ ಹೋದ್ರು. ಸಾವಕಾಶ ಮಾತಾಡ್ತೇನಿ, ಕೇಳಿಲ್ಲೆ. ನೀ ಹೇಳಲಿಲ್ಲ ಅಂತ ನಾ ನಿನ್ನ ಬಿಟ್ಟೆ ಅಂತ ತಿಳೀಬ್ಯಾಡ. ಬಿಟ್ಟಿಲ್ಲ. ಬಿಡೂದೂ ಇಲ್ಲ. ಉಪಕಾರ ಮಾಡು ಅಂತ ನಿನ್ನ ಕಾಲಿಗೆ ಬಿದ್ದಿದ್ದೆನೇನು? ಯಾಕ ಸುಮ್ಮನಾದಿ? ಯಾಕ ಬಾಯಿ ಬಿಡಲಿಲ್ಲ ನೀ?

ಈ ಮನ್ಯಾಗ ನಂದಂತ ಇದ್ದದ್ದು ಸಿಟ್ಟೊಂದ ಇತ್ತು. ಅದನ್ನೂ ಇಸ್ಕೊಂಡಿ.