ಲಾಕರ್ ನೋಟಿಸಿನ ಸಹಿ

ಬ್ಯಾಂಕಿನ ಬೆಂಚಿನಲ್ಲಿ ಟೋಕನ್ ಹಿಡಿದು ತೂಕಡಿಸುತ್ತಿದ್ದ ಎಲೆಕ್ಟ್ರಿಷಿಯನ್ನನ ಕಿವಿ, ಪಕ್ಕದಲ್ಲಿದ್ದ ಅಕ್ಕ-ತಮ್ಮನ ಮಾತಿಗೆ ನಿಮಿರಿತು.

“ನನ್ನ ಲಾಕರ್ ನನಗೇ ಹೇಳದೆ ಒಡೆದ್ರಲ್ಲ, ಸುಮ್ಮನೆ ಬಿಡ್ತೀನಾ?”

“ಬ್ಯಾಂಕಿನ ಜೊತೆ ಗುದ್ದಾಡೋಕಾಗುತ್ತಾ ಅಕ್ಕ?”

“ಗುದ್ದಾಟ ಎಂಥದು? ಇಲ್ಲಿ ದೂರು ಕೊಟ್ಟೆ, ಉಡಾಫೆ ಉತ್ತರ ಬಂತು. ಇನ್ನು ಬ್ಯಾಂಕುಗಳ ಮೇಲಿನ ದೂರು ಕೇಳೋ ಓಂಬುಡ್ಸ್‌ಮನ್‌ಗೆ ಬರೆಯೋದು. ವಕೀಲರೂ ಬೇಡ, ಫೀಸೂ ಇಲ್ಲ.”

“ಏನಂತ ಉತ್ತರ?”

“ಬಾಡಿಗೆ ಬಾಕಿ ಇದೆ, ಕಟ್ಟದಿದ್ರೆ ಲಾಕರ್ ಒಡೀತೀವಿ ಅಂತ ನೋಟಿಸ್ ಮನೆಗೆ ಕಳಿಸಿದ್ವಿ, ಸಹಿ ಹಾಕಿ ತಗೊಂಡಿದ್ದಾರೆ ಅಂತ. ನನ್ನ ಕೈಗೆ ಕೊಡದೆ ಯಾರದೋ ಸಹಿ ತಗೊಂಡ್ರೆ ಆಯ್ತಾ? ಅದರ ನಕಲಿಗೇ ಬಂದಿರೋದು.”

ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೂ ತಮ್ಮ ಕತ್ತು ಒರೆಸಿಕೊಂಡ.

“ಲಾಕರ್ ಬಾಡಿಗೇನ ವರ್ಷಾ ವರ್ಷಾ ನಿನ್ನ ಕೈಲಿ ಕೊಟ್ಟು ಕಳಿಸಿದ್ದೀನಲ್ಲ, ಅದನ್ನೂ ಬರೀತೀನಿ.”

“ಬರೀಬೇಡ ಅಕ್ಕ.”

“ಯಾಕೋ?”

ತಮ್ಮ ಕೈಲಿದ್ದ ಟೋಕನ್ ಚೀಟಿಯನ್ನು ಮಡಚತೊಡಗಿದ.

“ನಿಂಗೆ ಸಹಿ ಹಾಕೋದು ಕಲಿಸಿದ್ದೇ ನಾನು. ಮೊನ್ನೆ ಬ್ಯಾಂಕಿನೋರು ಆ ನೋಟಿಸಿನ ಸಹಿ ತೋರಿಸಿದ ತಕ್ಷಣ ಗುರುತು ಸಿಕ್ತು. ನೀನಾಗೇ ಬಾಯಿ ಬಿಡ್ತೀಯೇನೋ ಅಂತ ಕಾದೆ.”

ಅವರ ಟೋಕನ್ ನಂಬರ್ ಕೂಗಿದರು. ಅಕ್ಕ ಎದ್ದು ಸೆರಗು ಸರಿಮಾಡಿಕೊಂಡು, ಬ್ಯಾಗಿನಿಂದ ಪೆನ್ನು ತೆಗೆದು ತಮ್ಮನ ಕೈಗಿಟ್ಟಳು.

“ನಡಿ. ಮ್ಯಾನೇಜರ್ ಮುಂದೆ ಇನ್ನೊಂದು ಸಲ ಹಾಕು, ಹೋಲಿಸಿ ನೋಡಲಿ.”