ಕೆರೆಯ ಕೂಸಿಗೆ ಕೊಂಡದ ಬೂದಿ

ಗೌರಮ್ಮ, ಗಂಡ ಚಿಕ್ಕಬೈರಪ್ಪ, ವಯಸ್ಸು 61 ವರ್ಷ, ಗೃಹಿಣಿ, ವಾಸ ಹಳೇ ಊರಿನ ಬೀದಿ, ಉತ್ತರಹಳ್ಳಿ, ಬೆಂಗಳೂರು.

ನಾನು ಠಾಣೆಗೆ ನಾನಾಗಿಯೇ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಮ್ಮ ಬಾಡಿಗೆಯವನಾದ ಸಂಗಮೇಶ ನೆಲದಡಿಯ ನೀರಿನ ಸಂಪಿನೊಳಗೆ ವಿಷ ಹಾಕಿ ನಮ್ಮ ಕೂಸನ್ನು ಕೊಂದನೆಂದು ನನ್ನ ಯಜಮಾನರು ನಿನ್ನೆ ಕೊಟ್ಟ ದೂರು ನಿಜವಲ್ಲ. ಅವನನ್ನು ಮನೆಗೆ ಕಳಿಸಿ.

2009ರಲ್ಲಿ ಊರ ಕೆರೆ ಮುಚ್ಚಿ ಲೇಔಟ್ ಮಾಡಿದಾಗ, ಕೆರೆಯ ಕೂಸನ್ನು ನನ್ನ ಮಾವನವರು ಒದ್ದೆ ಗೋಣಿಯಲ್ಲಿ ಸುತ್ತಿ ತಂದು ನಮ್ಮ ಸಂಪಿನಲ್ಲಿ ಬಿಟ್ಟರು. ಎರಡು ಅಡಿ ಉದ್ದ, ನಾಲ್ಕು ಕಾಲು, ಮೀನಿನಂಥ ಮೈ. ಅದರೊಳಗೆ ಇದ್ದದ್ದು ನೀರಿನ ಶಕ್ತಿ. ಬೀದಿಯ ಬೋರ್‌ವೆಲ್ಲುಗಳೆಲ್ಲ ಬತ್ತಿದ ವರ್ಷವೂ ನಮ್ಮ ಸಂಪು ತುಂಬಿಯೇ ಇತ್ತು. ಬರೆದುಕೊಳ್ಳುತ್ತಿರುವ ಮೇಡಂ ಮೊದಲು ಪ್ರಾಣಿ ಎಂದು ಬರೆದಿದ್ದರು. ನಾನು ಕೂಸು ಎಂದು ತಿದ್ದಿಸಿದ್ದೇನೆ. ನನಗೆ ಬೇರೆ ಮಕ್ಕಳಿಲ್ಲ.

ದಿನಾಂಕ 16-03-2025ರಂದು ಬೆಳಗ್ಗೆ 7-10ಕ್ಕೆ ಮುಚ್ಚಳ ತೆಗೆದಾಗ ಕೂಸು ಮಂಕಾಗಿ ಮೂಲೆಯಲ್ಲಿತ್ತು. ಸಂಗಮೇಶ ಹಿಂದಿನ ಸಂಜೆ ಸಂಪಿನಿಂದ ನಾಲ್ಕು ಅಡಿ ದೂರದಲ್ಲಿ ಸ್ಕೂಟರ್ ತೊಳೆದಿದ್ದ. ಸೋಪಿನ ನೀರು ಒಳಗೆ ಹೋಗಿದೆಯೆಂದು ಬೀದಿಯವರೆಲ್ಲ ಕೇಳುವಂತೆ ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ.

ಊರ ಅಮ್ಮನ ಜಾತ್ರೆಯಲ್ಲಿ ಕೆಂಡದ ಕೊಂಡ ಹಾಯ್ದ ಮಾರನೆಯ ದಿನ ಆ ಬೂದಿಯನ್ನು ತಂದಿಟ್ಟುಕೊಂಡು, ಮಕ್ಕಳಿಗೆ ಹುಷಾರು ತಪ್ಪಿದರೆ ಹಣೆಗೆ ಹಚ್ಚಿ ಒಂದು ಚಿಟಿಕೆ ನಾಲಿಗೆಗೆ ಹಾಕುವುದು ನಮ್ಮಲ್ಲಿ ಪದ್ಧತಿ. 7-30ಕ್ಕೆ ನಾನು ಕೂಸಿಗೂ ಅದನ್ನೇ ಮಾಡಿದೆ. ಬೂದಿಯಲ್ಲಿರುವುದು ಅಮ್ಮನ ಬೆಂಕಿ, ಕೂಸಿನ ಮೈಯಲ್ಲಿರುವುದು ನೀರು ಎಂಬುದು ನನ್ನ ಹಾಳು ತಲೆಗೆ ಹೊಳೆಯಲೇ ಇಲ್ಲ.

8-05ಕ್ಕೆ ಅದರ ಎಡಮೈ ಕಾದು ಹಬೆ ಏಳತೊಡಗಿತು. ಬಲಮೈ ಐಸಿನಂತಿತ್ತು. ಬೆನ್ನ ಮೇಲೆ ಒಂದು ಗೆರೆ ಎದ್ದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸರಿಯುತ್ತಿತ್ತು. ಸರಿದಾಗಲೆಲ್ಲ ಕೂಸು ನರಳುತ್ತಿತ್ತು. ನಾನೂ ಯಜಮಾನರೂ ಆಟೋ ಹಿಡಿದು, ಸುಮಾರು ಒಂಬತ್ತು ಕಿಲೋಮೀಟರ್ ದೂರದ ಜಯನಗರದ ಪ್ರಾಣಿಗಳ ಡಾಕ್ಟರ್ ಹೇಮಶ್ರೀಯವರಲ್ಲಿಗೆ 8-55ಕ್ಕೆ ತಲುಪಿದೆವು.

ತಂಪು ಮಾಡಿದರೆ ಬಲಗಡೆ ಸಾಯುತ್ತದೆ, ಕಾವು ಕೊಟ್ಟರೆ ಎಡಗಡೆ ಸಾಯುತ್ತದೆ ಎಂದು ಡಾಕ್ಟರ್ ಹೇಳಿದರು. ಏನಾದರೂ ತಿನ್ನಿಸಿದ್ದೀರಾ, ಹೇಳಿದರೆ ಹೊಟ್ಟೆ ತೊಳೆದು ತೆಗೆಯಬಹುದು, ಇನ್ನು ಅರ್ಧ ಗಂಟೆ ಸಮಯವಿದೆ ಎಂದು ಮೂರು ಸಲ ಕೇಳಿದರು. ಅಷ್ಟು ಹೊತ್ತಿಗೆ ಇದು ಬೂದಿಯ ಕೆಲಸವೆಂದು ನನಗೆ ಅರ್ಥವಾಗಿತ್ತು. ಯಜಮಾನರು ಪಕ್ಕದಲ್ಲೇ ನಿಂತಿದ್ದರು. ನಾನು "ಏನೂ ಕೊಟ್ಟಿಲ್ಲ ಮೇಡಂ" ಎಂದೆ. ಆಗ ಯಜಮಾನರು, ಹಾಗಾದರೆ ಇದು ಸಂಗಮೇಶನದೇ ಕೆಲಸ, ಬೈದ ಸಿಟ್ಟಿಗೆ ವಿಷ ಹಾಕಿದ್ದಾನೆ ಎಂದರು. ಅದಕ್ಕೂ ನಾನು ಸುಮ್ಮನಿದ್ದೆ.

9-50ಕ್ಕೆ ಬೆನ್ನಿನ ಗೆರೆ ಅಳಿಸಿಹೋಯಿತು. ಮುಟ್ಟಿ ನೋಡಿದೆ, ಎರಡೂ ಕಡೆ ಒಂದೇ ಸಮವಾಗಿತ್ತು. ವಾಸಿಯಾಯಿತು ಎಂದುಕೊಂಡು ಡಾಕ್ಟರಿಗೆ ಕೈ ಮುಗಿದೆ. ಅವರು ತಲೆ ತಗ್ಗಿಸಿದರು.

ಸಂಪಿನಲ್ಲಿ ವಿಷ ಹುಡುಕಬೇಡಿ. ಕೂಸು ನನ್ನ ಕೈ ಬಿಟ್ಟು ಬೇರೆ ಯಾರ ಕೈಯಿಂದಲೂ ಏನನ್ನೂ ತಿನ್ನುತ್ತಿರಲಿಲ್ಲ. ಹದಿನಾರು ವರ್ಷ ಸಾಕಿದ ಯಜಮಾನರ ಕೈಯಿಂದಲೂ ಇಲ್ಲ. ಅಷ್ಟು ಮಂಕಾಗಿದ್ದರೂ, ನನ್ನ ಬೆರಳು ಕಂಡ ಕೂಡಲೇ ಅದು ತಾನಾಗಿಯೇ ಬಾಯಿ ತೆರೆಯಿತು.

ಇದನ್ನು ನನಗೆ ಓದಿ ಹೇಳಲಾಗಿದೆ. ಇದರಲ್ಲಿರುವುದೆಲ್ಲ ನಿಜ, ಯಾರೂ ಹೇಳಿಕೊಟ್ಟಿದ್ದಲ್ಲ.

ಸ್ಥಳ: ಬೆಂಗಳೂರು
ದಿನಾಂಕ: 17-03-2025
ಸಹಿ: ಗೌರಮ್ಮ